ಗ್ಯಾರೇಜಿಗೆ ಬಂದರೆ ಸರಿಯಾಗುವ ಬೈಕು

(ಮಳೆಗಾಲಕ್ಕೆ ಮುಂಚೆ ಸಕಲೇಶಪುರದಲ್ಲಿ ಬೈಕ್ ಸವಾರರು ಮತ್ತು ಗ್ಯಾರೇಜ್ ಕೆಲಸಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನವರ ಬೂಟು ನೋಡಿದರೆ ಬಿಸ್ಲೆ ಘಾಟಿಯಿಂದ ನೇರ ಇಲ್ಲಿಗೇ ಬಂದ ಹಾಗಿದೆ. ಹಿಂದಿನ ಸಾಲಿನವರ ಉಗುರು ನೋಡಿದರೆ ಬೆಳಗ್ಗೆಯಷ್ಟೇ ಯಾವುದೋ ಇಂಜಿನ್ ಬಿಚ್ಚಿಟ್ಟು ಬಂದಿದ್ದೀರಿ. ಇಬ್ಬರಿಗೂ ಉಪಯೋಗಕ್ಕೆ ಬರುವ ಹಾಗೆ ಮಾತಾಡಲು ನೋಡುತ್ತೇನೆ.

ಗಿರಾಕಿ ಗಾಡಿ ತಂದು ನಿಲ್ಲಿಸಿ ಹೇಳುತ್ತಾನೆ: "ಅಣ್ಣಾ, ಒಮ್ಮೊಮ್ಮೆ ಆಫ್ ಆಗುತ್ತೆ." ನಾವು ಕೀ ತಿರುಗಿಸಿ ಸೆಲ್ಫ್ ಒತ್ತಿದರೆ ಗಾಡಿ ಸೊಗಸಾಗಿ ಸ್ಟಾರ್ಟ್ ಆಗಿ ನಿಂತಿರುತ್ತೆ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಹಲ್ಲುನೋವು ಮಾಯವಾದ ಹಾಗೆ. ಆಮೇಲೆ ಏನು ನಡೆಯುತ್ತೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಪ್ಲಗ್ ಬದಲಾಯಿಸುತ್ತೇವೆ. ಮುಂದಿನ ವಾರ ಪ್ಲಗ್ ಕ್ಯಾಪ್, ಅದರ ಮುಂದಿನ ವಾರ ಬ್ಯಾಟರಿ, ಕೊನೆಗೆ "ಇಸಿಯು ಹೋಗಿರಬೇಕು", ಅಂದರೆ ಇಂಜಿನ್ ನಡೆಸುವ ಕಂಪ್ಯೂಟರೇ ಕೆಟ್ಟಿರಬೇಕು, ಅಂತ ಹೇಳಿ ಕೈತೊಳೆಯುತ್ತೇವೆ. ಗಿರಾಕಿಯ ದುಡ್ಡು ಹೋಗುತ್ತೆ, ದೋಷ ಹೋಗಲ್ಲ.

ಬಿಟ್ಟು ಬಿಟ್ಟು ಬರುವ ದೋಷ ಮನಸ್ಸಿಗೆ ಬಂದ ಹಾಗೆ ಬರುವುದಿಲ್ಲ ಅನ್ನುವುದೇ ಇವತ್ತು ನನ್ನ ವಾದ. ಬಿಸಿ, ನೀರು, ಕುಲುಕಾಟ, ಹ್ಯಾಂಡಲ್ ತಿರುಗಿದ ಕೋನ, ಎಳೆಯುತ್ತಿರುವ ಕರೆಂಟು, ಇವುಗಳಲ್ಲಿ ಒಂದೋ ಎರಡೋ ಕೂಡಿದಾಗ ಮಾತ್ರ ಅದು ಬರುತ್ತೆ. ಆ ಸಂದರ್ಭ ಯಾವುದು ಅಂತ ಗೊತ್ತಾಗಿ, ಬೇಕೆಂದಾಗ ದೋಷವನ್ನು ಬರಿಸಲು ಬರುವ ತನಕ ಸ್ಪ್ಯಾನರ್ ಮುಟ್ಟಬೇಡಿ. ಮುಟ್ಟಿದರೆ ಎಲ್ಲೋ ಒಂದು ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಅಲುಗಾಡಿ ದೋಷ ತಾತ್ಕಾಲಿಕವಾಗಿ ಮರೆಯಾಗುತ್ತೆ, ನಿಮ್ಮ ಕೈಲಿದ್ದ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತೆ.

ಡ್ಯುಯಲ್ ಸ್ಪೋರ್ಟ್ ಗಾಡಿಗಳಲ್ಲೇ ಇದು ಯಾಕೆ ಹೆಚ್ಚು? ನಮ್ಮಲ್ಲಿ 2011ರಲ್ಲಿ ಹೀರೋ ಇಂಪಲ್ಸ್ ಬಂತು. 2016ರಲ್ಲಿ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್ 200. ಈ ಜಾತಿಯ ಗಾಡಿಗಳನ್ನು ಡಾಂಬರು, ಮಣ್ಣು ಎರಡರಲ್ಲೂ ಓಡಿಸಲೆಂದೇ ಮಾಡಿರುವುದು. ಸಸ್ಪೆನ್ಷನ್ ಉದ್ದ ಅಂದಮೇಲೆ ಹಿಂದಿನ ಚಕ್ರ ಮಡ್‌ಗಾರ್ಡಿನ ಒಳಭಾಗದ ಹತ್ತಿರದವರೆಗೂ ಏರುತ್ತೆ. ಹ್ಯಾಂಡಲ್ ಎರಡೂ ಕಡೆ ಜಾಸ್ತಿ ತಿರುಗುತ್ತೆ, ಹಾಗಾಗಿ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಪಕ್ಕ ಹಾದುಹೋಗುವ ವೈರುಗಳು ಜಾಸ್ತಿ ಮಡಚಿಕೊಳ್ಳುತ್ತವೆ. ಹೆಚ್ಚಿನವು ಒಂದೇ ಸಿಲಿಂಡರಿನ ಇಂಜಿನ್, ಅದರ ನಡುಕ ಬೇರೆ. ಮೇಲಿಂದ ಕೆಸರು, ಹೊಳೆ ದಾಟುವುದು, ವಾರಕ್ಕೊಮ್ಮೆ ಬೀಳುವುದು. ಇದೆಲ್ಲ ಸಾಲದು ಅಂತ ನಾವೇ ಹಾಕಿಕೊಳ್ಳುವ ಫಾಗ್ ಲೈಟು, ಯುಎಸ್‌ಬಿ ಚಾರ್ಜರ್, ಜಿಪಿಎಸ್, ಲಗೇಜ್ ಕ್ಯಾರಿಯರ್. ಕಂಪನಿ ಕೊಟ್ಟ ವೈರಿಂಗಿಗಿಂತ ನಾವು ಸೇರಿಸಿದ ವೈರಿಂಗಿನಲ್ಲೇ ದೋಷ ಸಿಗುವುದು ಹೆಚ್ಚು ಅಂತ ಹೇಳಿದರೆ ಇಲ್ಲಿ ಕೆಲವರು ಕುರ್ಚಿಯಲ್ಲಿ ಜರುಗಿ ಕೂರುತ್ತೀರಿ, ಕಾಣುತ್ತಿದೆ.

ಮೊದಲು ಗಿರಾಕಿಯನ್ನು ಮಾತಾಡಿಸುವುದು. ಗಾಡಿಗಿಂತ ಮುಂಚೆ ಸವಾರನನ್ನು ಪರೀಕ್ಷೆ ಮಾಡಿ ಅನ್ನುತ್ತೇನೆ. ಆಫ್ ಆದಾಗ ಮೀಟರ್ ಉರಿಯುತ್ತಿತ್ತಾ, ಅದೂ ಕತ್ತಲಾಯಿತಾ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ವೈರಿಂಗ್ ಪಕ್ಕಕ್ಕೆ ಸರಿಯುತ್ತೆ. ಮೀಟರೂ ಆರಿದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್, ಮುಖ್ಯ ಅರ್ಥಿಂಗ್ (ಬ್ಯಾಟರಿ ಮೈನಸ್ಸನ್ನು ಫ್ರೇಮಿಗೆ ಸೇರಿಸುವ ವೈರ್), ಇಗ್ನಿಷನ್ ಸ್ವಿಚ್ ಅಂದರೆ ಕೀ ಸ್ವಿಚ್, ಇಷ್ಟರೊಳಗೇ ಹುಡುಕಬೇಕು. ಮೀಟರ್ ಉರಿಯುತ್ತಲೇ ಇದ್ದು ಇಂಜಿನ್ ಮಾತ್ರ ಸತ್ತರೆ ಕಿಲ್ ಸ್ವಿಚ್ (ಹ್ಯಾಂಡಲಿನಲ್ಲಿ ಇಂಜಿನ್ ನಿಲ್ಲಿಸುವ ಸ್ವಿಚ್), ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ಪಲ್ಸರ್ ಕಾಯಿಲ್ (ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಸೆನ್ಸರ್), ಎಚ್‌ಟಿ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವುದು), ಪೆಟ್ರೋಲ್ ಪಂಪಿನ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್), ಗಾಡಿ ಬಿದ್ದರೆ ಇಂಜಿನ್ ನಿಲ್ಲಿಸುವ ಸೆನ್ಸರ್, ಈ ಕಡೆ.

ಇನ್ನೂ ಸಣ್ಣ ವಿಷಯ ಕೇಳಿ. ಗಡಿಯಾರದ ಟೈಮು ಮೊದಲಿಂದ ಶುರುವಾಗಿತ್ತಾ? ಗಡಿಯಾರಕ್ಕೆ ಸಾಮಾನ್ಯವಾಗಿ ಕೀ ಆಫ್ ಇದ್ದರೂ ಬ್ಯಾಟರಿಯಿಂದ ಕರೆಂಟ್ ಇರುತ್ತೆ. ಟೈಮು ಅಳಿಸಿಹೋಗಿದೆ ಅಂದರೆ ಕೀ ಸ್ವಿಚ್ಚಿನ ಆಚೆ ಅಲ್ಲ, ಅದಕ್ಕೂ ಮುಂಚೆ, ಬ್ಯಾಟರಿ ಹತ್ತಿರವೇ ಏನೋ ಬಿಟ್ಟುಕೊಂಡಿದೆ. ಓಡುತ್ತಿರುವಾಗಲೇ ಮೀಟರಿನ ಮುಳ್ಳು ಕೀ ಹಾಕಿದಾಗ ಮಾಡುವ ಹಾಗೆ ಒಂದು ಸುತ್ತು ಮೇಲೆ ಹೋಗಿ ಇಳಿದರೆ, ಟೈಮು ಮಾತ್ರ ಸರಿಯಾಗಿದ್ದರೆ, ಕೀ ಸ್ವಿಚ್ಚಿನಿಂದ ಬರುವ ಸಾಲು ಒಂದು ಕ್ಷಣ ತಪ್ಪಿ ಮತ್ತೆ ಬಂದಿದೆ. ಗೇರಿನಲ್ಲಿ ಗಾಡಿ ಇನ್ನೂ ಉರುಳುತ್ತಿದ್ದು, ಹಿಂದಿನ ಚಕ್ರ ಇಂಜಿನನ್ನು ತಿರುಗಿಸುತ್ತಿದ್ದರೂ ಆರ್‌ಪಿಎಂ ಮುಳ್ಳು ಮಾತ್ರ ಧೊಪ್ಪನೆ ಸೊನ್ನೆಗೆ ಬಿದ್ದರೆ ಪಲ್ಸರ್ ಕಾಯಿಲನ್ನೋ ಇಸಿಯುಗೆ ಬರುವ ಕರೆಂಟನ್ನೋ ಅನುಮಾನಿಸಿ. ಮುಳ್ಳು ಇಂಜಿನ್ ಜೊತೆಗೇ ನಿಧಾನವಾಗಿ ಇಳಿದರೆ, ಮುಕ್ಕರಿಸಿ ಮುಕ್ಕರಿಸಿ ನಿಂತರೆ, ಅದು ಪೆಟ್ರೋಲಿನ ವಿಷಯವೂ ಇರಬಹುದು. ಎಲೆಕ್ಟ್ರಿಕಲ್ ಅಂತ ಹಟ ಹಿಡಿಯಬೇಡಿ.

ಇದಕ್ಕೆಲ್ಲ "ಗೊತ್ತಿಲ್ಲ ಅಣ್ಣ, ನೋಡಲಿಲ್ಲ" ಅಂತ ಉತ್ತರ ಬಂದರೆ ಗಾಡಿ ಇಟ್ಟುಕೊಳ್ಳಬೇಡಿ, ವಾಪಸ್ ಕಳಿಸಿ. ಇದು ಹೇಳಿದರೆ ಗ್ಯಾರೇಜಿನವರಿಗೆ ನಗು ಬರುತ್ತೆ. ಆದರೂ ನನ್ನ ಅನುಭವದಲ್ಲಿ, ಅಪಾಯವಿಲ್ಲದ ದೋಷವಾದರೆ, ಏನು ನೋಡಬೇಕು ಅಂತ ಚೀಟಿ ಬರೆದುಕೊಟ್ಟು ಎರಡು ದಿನ ಓಡಿಸಲು ಹೇಳುವುದು ಟ್ಯಾಂಕ್ ಬಿಚ್ಚುವುದಕ್ಕಿಂತ ಬೇಗ ಕೆಲಸ ಮುಗಿಸುತ್ತೆ. ರಾತ್ರಿ ಹೈವೇಯಲ್ಲಿ ದೀಪ ಸಮೇತ ಎಲ್ಲ ಆರುವ ಗಾಡಿಗೆ ಈ ಮಾತು ಬೇಡ. ಅದನ್ನು ಅಲ್ಲೇ ನಿಲ್ಲಿಸಿ.

ಇನ್ನು ಬ್ಯಾಟರಿ. ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಇದು ನಿಮಗೆ ಗೊತ್ತಿರುವುದೇ. ಒಂದೆರಡು ಗಂಟೆ ಸುಮ್ಮನೆ ನಿಂತ ಗಾಡಿಯ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಬಹಳ ಕೆಳಗೆ ಇಳಿಯಬಾರದು. ಇಂಜಿನ್ 4000–5000 ಆರ್‌ಪಿಎಂನಲ್ಲಿ ಇರುವಾಗ 13.8ರಿಂದ 14.5ರ ಒಳಗಿರಬೇಕು. ಹದಿನೈದು ದಾಟಿದರೆ ಚಾರ್ಜಿನ ವೋಲ್ಟನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ. ಈ ಅಳತೆಯನ್ನು ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಿಸಿಯಾದಮೇಲೆ ಇನ್ನೊಮ್ಮೆ ತೆಗೆದುಕೊಳ್ಳಿ. ತಣ್ಣಗಿರುವಾಗ ಸರಿಯಾಗಿ ಚಾರ್ಜ್ ಮಾಡಿ ಬಿಸಿಯಾದಾಗ ಕೈಬಿಡುವ ರೆಗ್ಯುಲೇಟರುಗಳಿವೆ. ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದ ಬರುವ ಮೂರು ವೈರಿನ ಕಪ್ಲರನ್ನು, ಅವು ಸಾಮಾನ್ಯವಾಗಿ ಮೂರೂ ಒಂದೇ ಬಣ್ಣದಲ್ಲಿರುತ್ತವೆ, ಬಿಚ್ಚಿ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಬಹಳ ದಿನದಿಂದ ಬಿಸಿ ಇದೆ. ಬ್ಯಾಟರಿ ಟರ್ಮಿನಲ್ಲನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಬೆರಳಿಗೆ ಅಲುಗಾಡಿದರೆ ಇವತ್ತಿನ ಉಳಿದ ಭಾಷಣ ನಿಮಗೆ ಬೇಕಾಗಿಲ್ಲ, ಸ್ಕ್ರೂ ಬಿಗಿ ಮಾಡಿ ಮನೆಗೆ ಹೋಗಬಹುದು.

ಈಗ ನಾನು ಸ್ವಲ್ಪ ಜಗಳ ತೆಗೆಯುವ ವಿಷಯ: ಮಲ್ಟಿಮೀಟರಿನ ಪೀಂ ಸದ್ದು. ವೈರಿನ ಎರಡು ತುದಿಗೆ ಪ್ರೋಬ್ ಇಡುತ್ತೇವೆ, ಪೀಂ ಅನ್ನುತ್ತೆ, "ವೈರ್ ಓಕೆ" ಅಂತ ಮುಂದೆ ಹೋಗುತ್ತೇವೆ. ಬಹಳಷ್ಟು ಮೀಟರುಗಳು ಹತ್ತಾರು ಓಮ್ ತಡೆ ಇದ್ದರೂ ಪೀಂ ಅನ್ನುತ್ತವೆ. ಹತ್ತಾರು ಯಾಕೆ, ಬರೀ ಎರಡು ಓಮ್ ಏನು ಮಾಡುತ್ತೆ ನೋಡೋಣ. 55 ವ್ಯಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿಗೆ ಸುಮಾರು 4.6 ಆಂಪಿಯರ್ ಎಳೆಯುತ್ತೆ, ಅಂದರೆ ಉರಿಯುವಾಗ ಅದರ ತಡೆ ಸುಮಾರು 2.6 ಓಮ್. ಅದರ ದಾರಿಯಲ್ಲಿ ಕಿಲುಬು ಹಿಡಿದ ಒಂದು ಕಪ್ಲರ್ ಎರಡು ಓಮ್ ತಡೆ ಒಡ್ಡಿತು ಅನ್ನಿ. ಲೆಕ್ಕ ಹಾಕಿ: ಬಲ್ಬಿಗೆ ಸಿಗುವುದು 7 ವೋಲ್ಟಿಗಿಂತಲೂ ಕಡಿಮೆ. ಮಿಕ್ಕ 5 ವೋಲ್ಟು ಆ ಕಪ್ಲರಿನಲ್ಲೇ ಶಾಖವಾಗಿ ಹೋಗುತ್ತೆ. ಮೀಟರು ಮಾತ್ರ ಪೀಂ ಅಂತಲೇ ಇರುತ್ತೆ. ಅದು ಅಳೆಯಲು ಕಳಿಸುವ ಕರೆಂಟು ಅಷ್ಟು ಕಡಿಮೆ, ಅದಕ್ಕೆ ಈ ತಡೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಅಳೆಯುವುದು ಹೇಗೆ? ಕೆಲಸ ಮಾಡುತ್ತಿರುವಾಗ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಹೆಡ್‌ಲೈಟ್ ಉರಿಯಲಿ. ಕಪ್ಪು ಪ್ರೋಬನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪನ್ನು ಹೆಡ್‌ಲೈಟ್ ಕಪ್ಲರಿನ ಅರ್ಥ್ ಪಿನ್ನಿಗೆ ಹಿಂಬದಿಯಿಂದ ತಾಗಿಸಿ. ಅರ್ಥ್ ಸರಿಯಿದ್ದರೆ 0.1, ಹೆಚ್ಚೆಂದರೆ 0.2 ವೋಲ್ಟ್ ತೋರಿಸುತ್ತೆ. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಅರ್ಥಿಂಗ್ ಎಲ್ಲೋ ಹಾಳಾಗಿದೆ, ಬಹಳ ಸಲ ಫ್ರೇಮಿನ ಪೇಂಟ್ ಮೇಲೇ ಕೂತ ರಿಂಗ್ ಟರ್ಮಿನಲ್. ಆಮೇಲೆ ಇದೇ ರೀತಿ ಬ್ಯಾಟರಿ ಪ್ಲಸ್ಸಿನಿಂದ ಬಲ್ಬಿನ ಪ್ಲಸ್ಸಿನವರೆಗೆ. ಅಲ್ಲಿ ಕಳೆದುಹೋಗುತ್ತಿರುವ ವೋಲ್ಟನ್ನು ಫ್ಯೂಸು, ಕೀ ಸ್ವಿಚ್, ರಿಲೇ ಅಂತ ಒಂದೊಂದೇ ತುಂಡಾಗಿ ಅಳೆಯುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ. ಒಂದೂ ವೈರ್ ಕತ್ತರಿಸಬೇಕಿಲ್ಲ, ಒಂದೂ ಕಪ್ಲರ್ ಬಿಚ್ಚಬೇಕಿಲ್ಲ. ವೈರಿನ ಮೈಗೆ ಪಿನ್ ಚುಚ್ಚುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಆ ಸಣ್ಣ ತೂತಿನಿಂದಲೇ ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತೆ.

ಹಳೆಯ ಸವಾರರಿಗೆ ಒಂದು ಸುಳಿವು ಪುಕ್ಕಟೆಯಾಗಿ ಸಿಗುತ್ತಿತ್ತು. ವೋಲ್ಟ್ ಇಳಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೇ ಇಲ್ಲ, ಹಗಲಿನಲ್ಲೂ ಉರಿಯುತ್ತೆ. ಹಗಲಿನಲ್ಲಿ ಮಂಕಾದದ್ದು ಕಾಣುವುದೂ ಕಷ್ಟ. ಎಲ್‌ಇಡಿ ಬಂದಮೇಲೆ ಅದರೊಳಗಿನ ಡ್ರೈವರ್ ವೋಲ್ಟ್ ಸ್ವಲ್ಪ ಇಳಿದರೂ ಬೆಳಕನ್ನು ಒಂದೇ ಸಮ ಇಡುತ್ತೆ. ದೀಪ ಚೆನ್ನಾಗಿದೆ, ಹಾಗಾಗಿ ಕರೆಂಟ್ ಚೆನ್ನಾಗಿದೆ ಅನ್ನುವ ಲೆಕ್ಕ ಈಗ ನಡೆಯಲ್ಲ.

ದೋಷವನ್ನು ಬರಿಸುವ ಕೆಲಸಕ್ಕೆ ಬರುತ್ತೇನೆ. ಇಂಜಿನ್ ಐಡಲಿನಲ್ಲಿರಲಿ, ಜಾಗ ಬಯಲಾಗಿರಲಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ತುಂಬಿಕೊಳ್ಳುವುದು ತಮಾಷೆಯಲ್ಲ. ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ವೈರಿಂಗನ್ನು ಗೇಣುಗೇಣಾಗಿ ಹಿಡಿದು ಅಲುಗಾಡಿಸಿ. ರಿಲೇಗಳನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ಬಿಸಿಗೆ ಬರುವ ದೋಷವಾದರೆ ಅನುಮಾನದ ಭಾಗಕ್ಕೆ ಹೇರ್ ಡ್ರೈಯರ್ ಹಿಡಿಯಿರಿ. ಮಳೆಗೆ ಬರುವುದಾದರೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ಸಾಕು. ಒಂದು ಸಲಕ್ಕೆ ಒಂದೇ ಜಾಗಕ್ಕೆ ಸಿಂಪಡಿಸಿ, ಸ್ವಲ್ಪ ಕಾಯಿರಿ. ಕತ್ತಲಲ್ಲಿ ಪ್ಲಗ್ ಕ್ಯಾಪಿನ ಸುತ್ತ ಸಿಂಪಡಿಸಿದರೆ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತೆ.

ಒಂದು ಗಾಡಿಯ ಕಥೆ ಹೇಳುತ್ತೇನೆ, ಕಂಪನಿ ಹೆಸರು ಬೇಡ. ಘಾಟಿಯ ತಿರುವುಗಳಲ್ಲಿ, ಅದೂ ಎಡಕ್ಕೆ ಹತ್ತುವ ಹೇರ್‌ಪಿನ್ನುಗಳಲ್ಲಿ ಮಾತ್ರ ನಿಲ್ಲುತ್ತಿತ್ತು. ಮೀಟರ್ ಉರಿಯುತ್ತಲೇ ಇರುತ್ತಿತ್ತು. ನನ್ನ ಹತ್ತಿರ ಬರುವ ಹೊತ್ತಿಗೆ ಪ್ಲಗ್, ಕ್ಯಾಪ್, ಬ್ಯಾಟರಿ ಹೊಸದು, ಟ್ಯಾಂಕ್ ತೊಳೆದದ್ದಾಗಿತ್ತು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದೆ, ನಿಲ್ಲಲಿಲ್ಲ. ವೈರಿಂಗ್ ಎಳೆದು ನೋಡಿದೆ, ನಿಲ್ಲಲಿಲ್ಲ. ಆ ಹುಡುಗನನ್ನೇ ಗಾಡಿ ಮೇಲೆ ಕೂರಿಸಿ, "ತಿರುವಿನಲ್ಲಿ ಏನು ಮಾಡ್ತೀಯೋ ಹಾಗೇ ಮಾಡಪ್ಪ" ಅಂದೆ. ಅವನು ಎಡಕ್ಕೆ ತಿರುಗಿಸಿ ಕ್ಲಚ್ ಹಿಡಿದ. ಇಂಜಿನ್ ಟಪ್ ಅಂತ ನಿಂತಿತು. ಮತ್ತೆ ಮಾಡಿಸಿದೆ, ಮತ್ತೆ ನಿಂತಿತು. ನೆಟ್ಟಗೆ ಇಟ್ಟು ಕ್ಲಚ್ ಹಿಡಿದರೆ ಏನೂ ಇಲ್ಲ. ಎಡಕ್ಕೆ ತಿರುಗಿಸಿ ಕ್ಲಚ್ ಬಿಟ್ಟರೂ ಏನೂ ಇಲ್ಲ. ಎರಡೂ ಕೂಡಬೇಕು.

ಕ್ಲಚ್ ಅಂದಕೂಡಲೇ ಎಲ್ಲರಿಗೂ ಕ್ಲಚ್ ಸ್ವಿಚ್ ನೆನಪಾಗುತ್ತೆ. ಅದರ ಎರಡು ವೈರನ್ನು ಜಂಪರ್ (ತುಂಡು ವೈರ್) ಹಾಕಿ ಸೇರಿಸಿದೆ. ದೋಷ ಹಾಗೇ ಇತ್ತು. ಹಾಗಾದರೆ ಸ್ವಿಚ್ ಅಲ್ಲ, ಕೇಬಲ್! ಹೆಡ್‌ಲೈಟ್ ಹಿಂದೆ ಬೆರಳು ತೂರಿಸಿದೆ. ಹಿಂದೆ ಯಾರೋ ಕೇಬಲ್ ಬದಲಾಯಿಸಿದವರು ಹ್ಯಾಂಡಲ್ ಸ್ವಿಚ್ಚಿನ ವೈರಿಂಗನ್ನೂ ಕ್ಲಚ್ ಕೇಬಲನ್ನೂ ಸೇರಿಸಿ ಒಂದು ಪ್ಲಾಸ್ಟಿಕ್ ಟೈ ಬಿಗಿದಿದ್ದರು. ಅಚ್ಚುಕಟ್ಟಾಗಿ ಕಾಣಲಿ ಅಂತ ಮಾಡಿದ ಕೆಲಸ. ಎಡಕ್ಕೆ ತಿರುಗಿದಾಗ ವೈರಿಂಗ್ ಬಿಗಿಯಾಗುತ್ತೆ, ಆ ಹೊತ್ತಿಗೆ ಕ್ಲಚ್ ಹಿಡಿದರೆ ಕೇಬಲ್ ನೆಟ್ಟಗಾಗಿ ವೈರನ್ನು ಇನ್ನಷ್ಟು ಜಗ್ಗುತ್ತೆ. ಕಿಲ್ ಸ್ವಿಚ್ಚಿನ ಆಚೆ ಮಲ್ಟಿಮೀಟರ್ ಇಟ್ಟು ನೋಡಿದರೆ ನೆಟ್ಟಗಿರುವಾಗ ಬ್ಯಾಟರಿಯಷ್ಟೇ ವೋಲ್ಟ್. ತಿರುಗಿಸಿ ಕ್ಲಚ್ ಹಿಡಿದರೆ ಅಂಕಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಗೀರೂ ಇಲ್ಲದೆ ಚೆನ್ನಾಗಿತ್ತು. ಆದರೆ ಬೆರಳಲ್ಲಿ ಸವರುತ್ತಾ ಹೋದರೆ ಟೈ ಇದ್ದ ಜಾಗದಲ್ಲಿ ಮಾತ್ರ ಒಳಗೆ ಏನೂ ಇಲ್ಲದ ಹಾಗೆ ಮೆತ್ತಗೆ. ಸೀಳಿದರೆ ತಾಮ್ರದ ಎಳೆಗಳು ಅಷ್ಟೂ ತುಂಡಾಗಿ, ಕಪ್ಪಾದ ತುದಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು.

ಇದನ್ನು ರಿಪೇರಿ ಮಾಡುವಾಗ ಒಂದು ಎಚ್ಚರ. ಬಾಗುವ ಜಾಗದಲ್ಲಿ ಬೆಸುಗೆ ಹಾಕಬೇಡಿ. ಸೀಸ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿ ಮಾಡುತ್ತೆ, ಆ ಕಡ್ಡಿ ಮುಗಿಯುವ ಅಂಚಿನಲ್ಲೇ ಮುಂದಿನ ಸಲ ಮುರಿಯುತ್ತೆ. ಹಾಳಾದ ತುಂಡನ್ನು ಉದ್ದಕ್ಕೆ ತೆಗೆದು, ಅದೇ ದಪ್ಪದ ಹೊಸ ವೈರ್ ಹಾಕಿ, ಜೋಡಣೆಗಳು ಬಾಗದ ಜಾಗಕ್ಕೆ ಬರುವ ಹಾಗೆ ಮಾಡಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಆಮೇಲೆ ಕೇಬಲ್ಲಿಗೂ ವೈರಿಂಗಿಗೂ ಸಂಬಂಧ ಇಲ್ಲದ ಹಾಗೆ ಬೇರೆ ಬೇರೆ ದಾರಿ ಮಾಡಿಕೊಡಿ.

ಗ್ಯಾರೇಜಿನಲ್ಲಿ ಏನು ಮಾಡಿದರೂ ಬಾರದ, ರಸ್ತೆಯಲ್ಲಿ ಮಾತ್ರ ಬರುವ ದೋಷಕ್ಕೆ ಸಾಕ್ಷಿ ದೀಪ ಕಟ್ಟಿ. ಮೂರು ಸಣ್ಣ ಎಲ್‌ಇಡಿ, ಪ್ರತಿಯೊಂದಕ್ಕೂ ಒಂದು ಕಿಲೋ ಓಮಿನ ರೆಸಿಸ್ಟರ್. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎಲ್ಲ ಸೇರಿ ಒಂದು ಕಾಫಿಯ ದುಡ್ಡು. ಒಂದನ್ನು ಕೀ ಸ್ವಿಚ್ಚಿನ ಆಚೆ, ಇನ್ನೊಂದನ್ನು ಕಿಲ್ ಸ್ವಿಚ್ಚಿನ ಆಚೆ, ಮೂರನೆಯದನ್ನು ಪೆಟ್ರೋಲ್ ಪಂಪಿನ ಪ್ಲಸ್ಸಿಗೆ ಕೊಟ್ಟು, ಮೂರನ್ನೂ ಮೀಟರಿನ ಕೆಳಗೆ ಸಾಲಾಗಿ ಅಂಟಿಸಿ. ಗಾಡಿ ನಿಂತ ಕ್ಷಣದಲ್ಲಿ ಯಾವುದು ಮೊದಲು ಆರಿತು ಅನ್ನುವುದೇ ಉತ್ತರ. ದೀಪ ನೋಡುತ್ತಾ ಘಾಟಿ ಇಳಿಯಬೇಡಿ ಮತ್ತೆ. ಹೆಲ್ಮೆಟ್ಟಿಗೋ ಹ್ಯಾಂಡಲಿಗೋ ಕ್ಯಾಮೆರಾ ಕಟ್ಟಿಕೊಂಡು ಓಡಾಡುವವರು ಇಲ್ಲಿ ಬಹಳ ಜನ ಇದ್ದೀರಿ. ಅದರ ಮುಖವನ್ನು ಒಂದು ದಿನ ಪ್ರಕೃತಿ ಸೌಂದರ್ಯದಿಂದ ಈ ಕಡೆ ತಿರುಗಿಸಿ. ಪಂಪಿನ ದೀಪದ ವಿಷಯದಲ್ಲಿ ಒಂದು ಮಾತು: ಕೀ ಹಾಕಿದಾಗ ಪಂಪ್ ಎರಡು ಮೂರು ಸೆಕೆಂಡು ಓಡಿ ನಿಲ್ಲುತ್ತೆ, ಇಂಜಿನ್ ತಿರುಗಿದಮೇಲೆ ಮತ್ತೆ ಶುರುವಾಗುತ್ತೆ. ಇಂಜಿನ್ ನಿಂತಮೇಲೆ ಆ ದೀಪ ಆರುವುದು ಸಹಜ, ನಿಲ್ಲುವುದಕ್ಕೆ ಮುಂಚೆ ಆರಿದರೆ ಮಾತ್ರ ಸುದ್ದಿ.

ಫ್ಯೂಸ್ ಹಾರುವ ದೋಷ ಬೇರೆಯೇ ಜಾತಿ. ಅಲ್ಲಿ ಕರೆಂಟು ತಪ್ಪುತ್ತಿಲ್ಲ, ಎಲ್ಲೋ ಫ್ರೇಮಿಗೆ ಸೋರುತ್ತಿದೆ. 10 ಆಂಪಿಯರ್ ಫ್ಯೂಸ್ ಹಾರಿತು ಅಂತ 20 ಹಾಕುವವರಿದ್ದಾರೆ. ಫ್ಯೂಸ್ ಉಳಿಯುತ್ತೆ, ವೈರಿಂಗ್ ಸುಡುತ್ತೆ. ಹಳೆಯ ಎಲೆಕ್ಟ್ರಿಷಿಯನ್ನರ ಉಪಾಯ ಇದಕ್ಕೆ ಇವತ್ತಿಗೂ ಮೀರಿದ್ದಿಲ್ಲ: ಹಾರಿದ ಫ್ಯೂಸಿನ ಜಾಗದಲ್ಲಿ ಒಂದು ಹಳೆಯ ಹೆಡ್‌ಲೈಟ್ ಬಲ್ಬು ಜೋಡಿಸಿ. ಶಾರ್ಟ್ ಇಲ್ಲದಾಗ ಬಲ್ಬು ಆರಿರುತ್ತೆ, ಇಲ್ಲವೇ ಮಂಕಾಗಿರುತ್ತೆ. ಶಾರ್ಟ್ ಆದ ಕ್ಷಣ ಬಲ್ಬು ಪೂರ್ತಿ ಉರಿಯುತ್ತೆ, ಆದರೆ ಅದೇ ತಡೆಯಾಗಿರುವುದರಿಂದ 5 ಆಂಪಿಯರಿಗಿಂತ ಹೆಚ್ಚು ಹರಿಯಲ್ಲ, ಏನೂ ಸುಡಲ್ಲ. ಹಿಂದೆ ಯಾರಾದರೂ ಕೂತಾಗ ಮಾತ್ರ ಟೈಲ್ ಲೈಟಿನ ಫ್ಯೂಸ್ ಹಾರುವ ಒಂದು ಗಾಡಿಗೆ ಹೀಗೆ ಬಲ್ಬು ಕಟ್ಟಿ ಸೀಟಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಒತ್ತಿದೆವು. ಒತ್ತಿದಾಗ ಬಲ್ಬು ಝಗ್ ಅಂತು, ಬಿಟ್ಟಾಗ ಆರಿತು. ಲಗೇಜ್ ಕ್ಯಾರಿಯರ್ ಕೂರಿಸುವಾಗ ಅದರ ಬ್ರಾಕೆಟ್ಟಿನ ಅಡಿಯಲ್ಲಿ ಟೈಲ್ ಲೈಟಿನ ವೈರ್ ಸಿಕ್ಕಿಹಾಕಿಕೊಂಡಿತ್ತು. ಬಲ್ಬು ಇಲ್ಲದಿದ್ದರೆ ಒಂದು ಡಬ್ಬಿ ಫ್ಯೂಸ್ ಬೇಕಾಗುತ್ತಿತ್ತು.

ಹತ್ತಿರ ಹತ್ತಿರ ಎಲ್ಲ ಕಡೆ ಕಾಣುವ ಒಂದು ವಂಚನೆ ಬಗ್ಗೆ ಹೇಳಲೇಬೇಕು. ಕಪ್ಲರ್ ಬಿಚ್ಚಿ ಹಾಕಿದೆ, ಸರಿಹೋಯಿತು. ಯಾಕೆ ಸರಿಹೋಯಿತು? ಟರ್ಮಿನಲ್ಲುಗಳ ಮೇಲೆ ಸಾಮಾನ್ಯವಾಗಿ ತವರದ ಲೇಪ ಇರುತ್ತೆ. ನಡುಕದಿಂದ ಎರಡು ಪಿನ್ನುಗಳು ಕಣ್ಣಿಗೆ ಕಾಣದಷ್ಟು ಉಜ್ಜಾಡುತ್ತಾ ಇದ್ದರೆ ಆ ಜಾಗದಲ್ಲಿ ತವರ ಗಾಳಿಯೊಂದಿಗೆ ಸೇರಿ ಕಪ್ಪು ಚುಕ್ಕೆಯಾಗುತ್ತೆ. ಆ ಕಪ್ಪಿನ ಮೂಲಕ ಕರೆಂಟ್ ಸರಿಯಾಗಿ ಹಾಯುವುದಿಲ್ಲ. ಬಿಚ್ಚಿ ಹಾಕಿದಾಗ ಕಪ್ಪು ಕೆರೆದುಹೋಗಿ ಹೊಸ ಲೋಹ ತಾಗುತ್ತೆ, ಗಾಡಿ ಓಡುತ್ತೆ. ಪಿನ್ ಸಡಿಲ ಇರುವ ತನಕ ಉಜ್ಜಾಟ ನಿಲ್ಲಲ್ಲ, ಒಂದೆರಡು ತಿಂಗಳಿಗೆ ಮತ್ತೆ ಅದೇ ಕಥೆ. ಅದಕ್ಕೇ ಅದೇ ಅಳತೆಯ ಒಂದು ಬಿಡಿ ಗಂಡು ಪಿನ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ. ಹೆಣ್ಣು ಟರ್ಮಿನಲ್ಲುಗಳೊಳಗೆ ಒಂದೊಂದಾಗಿ ತೂರಿಸಿ ಹೊರಗೆಳೆಯಿರಿ. ಎಲ್ಲವೂ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಯಾವುದರಲ್ಲಿ ಸಲೀಸಾಗಿ ಜಾರಿತೋ ಅದನ್ನು ಬದಲಾಯಿಸಿ. ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿಸಿ, ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಹಾಕಿ. ಅದು ಕರೆಂಟ್ ಹರಿಸುವ ಗ್ರೀಸಲ್ಲ, ನೀರನ್ನೂ ಗಾಳಿಯನ್ನೂ ಹೊರಗಿಡುವುದು. ಬೇರಿಂಗಿನ ಗ್ರೀಸ್ ತುಂಬಿದ ಕಪ್ಲರುಗಳನ್ನೂ ನೋಡಿದ್ದೇನೆ, ಅದನ್ನು ತೊಳೆದು ತೆಗೆಯುವುದೇ ಒಂದು ದಿನದ ಕೆಲಸ.

ನೀರಿನ ವಿಷಯ. ಬಿಸಿ ಗಾಡಿಯನ್ನು ಹೊಳೆಗೆ ಇಳಿಸಿದಾಗ ಕಪ್ಲರಿನ ಒಳಗಿನ ಬಿಸಿ ಗಾಳಿ ತಟ್ಟನೆ ಕುಗ್ಗಿ ಹೊರಗಿನ ನೀರನ್ನು ಒಳಗೆ ಹೀರಿಕೊಳ್ಳುತ್ತೆ. ಘಾಟಿ ಇಳಿದು ನೇರ ವಾಟರ್ ಸರ್ವಿಸಿಗೆ ಬಿಟ್ಟರೂ ಇದೇ, ಮೇಲಿಂದ ಪ್ರೆಷರ್ ಬೇರೆ. ಹತ್ತು ನಿಮಿಷ ಆರಲು ಬಿಡಿ. ಹೆಡ್‌ಲೈಟ್ ಹಿಂಭಾಗ, ಸೀಟಿನ ಅಡಿ, ಸ್ವಿಚ್ಚುಗಳ ಮೇಲೆ ನೇರ ನೀರು ಹೊಡೆಯಬೇಡಿ ಅಂತ ಹೇಳಿ. ಕಾರವಾರ, ಮಂಗಳೂರಿನ ಕಡೆಯವರಿಗೆ ಉಪ್ಪುಗಾಳಿಯ ಕಾಟ ಪ್ರತ್ಯೇಕ ಹೇಳಬೇಕಿಲ್ಲ. ತೋಟದ ಮನೆಯವರಿಗೆ ಇಲಿ.

ಬಿಎಸ್6 ಹೊಗೆ ನಿಯಮ ಬಂದ 2020ರಿಂದ ಇಸಿಯು ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ, ಉಪಯೋಗಿಸಿ. ಬ್ಯಾಟರಿ ಬಿಚ್ಚುವ ಮುಂಚೆ ಕೋಡ್ ಓದಿ ಬರೆದಿಟ್ಟುಕೊಳ್ಳಿ, ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೆ ಅಳಿಸಿಹೋಗಬಹುದು. ಪಿ0335 ಅಂತ ಬಂದರೆ ಅದು ಕ್ರ್ಯಾಂಕ್ ಸೆನ್ಸರ್ (ನಾವು ಪಲ್ಸರ್ ಕಾಯಿಲ್ ಅನ್ನುವುದೇ) ಸರ್ಕ್ಯೂಟಿನ ದೋಷ. ಸರ್ಕ್ಯೂಟ್ ಅಂದರೆ ಸೆನ್ಸರ್, ಅದರ ವೈರ್, ಕಪ್ಲರ್, ಇಸಿಯುವಿನ ಪಿನ್ ಎಲ್ಲ ಸೇರಿ. ಕೋಡ್ ಬಂತು ಅಂತ ಸೆನ್ಸರ್ ಆರ್ಡರ್ ಮಾಡಿದರೆ ನಾವು ಮತ್ತೆ ಪ್ಲಗ್ ಬದಲಾಯಿಸಿದ ಹಳೇ ದಾರಿಗೇ ಬಂದೆವು. ಬಿಸಿಯಾದಾಗ ನಿಂತು, ಅರ್ಧ ಗಂಟೆ ಆರಿದಮೇಲೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ನಿಂತ ತಕ್ಷಣವೇ, ಬಿಸಿ ಇರುವಾಗಲೇ, ಪಲ್ಸರ್ ಕಾಯಿಲಿನ ಓಮ್ಸ್ ಅಳೆಯಿರಿ. ತಣ್ಣಗಾದಮೇಲೆ ಮತ್ತೆ ಅಳೆಯಿರಿ. ಬಿಸಿಯಲ್ಲಿ ಸ್ವಲ್ಪ ಹೆಚ್ಚುವುದು ಸಹಜ, ದಾರಿಯೇ ಕಡಿದುಹೋದ ಹಾಗೆ ತೋರಿಸಿದರೆ ಅದೇ ಅಪರಾಧಿ. ಇಸಿಯುವಿನ ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಮುಟ್ಟಿಸಬೇಡಿ, ಅದು ಎಳೆಯುವ ಕರೆಂಟನ್ನು ಒಳಗಿನ ಸರ್ಕ್ಯೂಟ್ ತಡೆಯದೆ ಇರಬಹುದು. ಅಲ್ಲಿ ಮಲ್ಟಿಮೀಟರೇ ಸರಿ.

ಪ್ರಶ್ನೆಗಳಿಗೆ ಬರೋಣ.

ಸೈಡ್ ಸ್ಟ್ಯಾಂಡ್ ಸ್ವಿಚ್ಚನ್ನು ಕಿತ್ತು ಶಾರ್ಟ್ ಮಾಡಿಬಿಟ್ಟರೆ ತಲೆನೋವೇ ಇಲ್ಲವಲ್ಲ ಅಂತ ಒಬ್ಬರು ಕೇಳಿದರು. ಆ ಸ್ವಿಚ್ ಚಕ್ರದ ಕೆಸರು ಬೀಳುವ ಜಾಗದಲ್ಲೇ ಇದೆ, ತೊಂದರೆ ಕೊಡುವುದು ನಿಜ. ಸ್ಟ್ಯಾಂಡಿನ ಸ್ಪ್ರಿಂಗ್ ಸೋತು, ಹಳ್ಳದಲ್ಲಿ ಸ್ಟ್ಯಾಂಡ್ ಕುಣಿದು, ಸ್ವಿಚ್ ಒಂದು ಕ್ಷಣ ಇಂಜಿನ್ ಕಡಿದು ಮತ್ತೆ ಕೊಡುವುದೂ ಇದೆ. ಅಲ್ಲಿ ಬದಲಾಯಿಸಬೇಕಾದದ್ದು ಸ್ಪ್ರಿಂಗ್. ಕಾಡಿನ ನಡುವೆ ಸಿಕ್ಕಿಬಿದ್ದರೆ ಜಂಪರ್ ಹಾಕಿಕೊಂಡು ಊರು ಸೇರಿ, ಪರೀಕ್ಷೆಗೂ ಜಂಪರ್ ಹಾಕಿ, ಆದರೆ ಹಾಗೇ ಬಿಡಬೇಡಿ. ಸ್ಟ್ಯಾಂಡ್ ಇಳಿದಿದ್ದಾಗ ಎಡ ತಿರುವಿನಲ್ಲಿ ಏನಾಗುತ್ತೆ ಅಂತ ಇಲ್ಲಿರುವವರಿಗೆ ವಿವರಿಸಬೇಕಾಗಿಲ್ಲ.

ಫಾಗ್ ಲೈಟಿಗೆ ಕರೆಂಟ್ ಎಲ್ಲಿಂದ ತೆಗೆದುಕೊಳ್ಳಬೇಕು? ಬ್ಯಾಟರಿಯಿಂದ, ಬ್ಯಾಟರಿಯ ಪಕ್ಕದಲ್ಲೇ ಬೇರೆ ಫ್ಯೂಸ್ ಹಾಕಿ, ರಿಲೇ ಮೂಲಕ. ರಿಲೇಯ 30 ನಂಬರಿಗೆ ಫ್ಯೂಸಿನಿಂದ ಬಂದ ವೈರ್, 87ಕ್ಕೆ ಲೈಟು, 85–86ಕ್ಕೆ ಸ್ವಿಚ್ ಮತ್ತು ಅರ್ಥ್. ಲೈಟಿನ ಅರ್ಥನ್ನೂ ಬ್ಯಾಟರಿ ಮೈನಸ್ಸಿಗೇ ತನ್ನಿ. ಕಂಪನಿ ವೈರಿನ ಮೈಗೆ ಹಲ್ಲು ಕಚ್ಚಿಸುವ ಆ ಸಣ್ಣ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಮಣ್ಣಿನ ರಸ್ತೆಯ ಗಾಡಿಗೆ ಹಾಕಲೇಬೇಡಿ. ಅವು ಎಳೆಗಳನ್ನೂ ಕಡಿಯುತ್ತವೆ, ನೀರನ್ನೂ ಬಿಡುತ್ತವೆ.

ಪೂರ್ತಿ ವೈರಿಂಗ್ ಕಿಟ್ಟೇ ಬದಲಾಯಿಸುವುದು ಯಾವಾಗ ಅನ್ನುವುದು ಕೊನೆಯ ಪ್ರಶ್ನೆ. ಕಿಲುಬು ಕಂಡ ಕಪ್ಲರಿನ ಹತ್ತಿರ ವೈರಿನ ಪ್ಲಾಸ್ಟಿಕ್ಕನ್ನು ಅರ್ಧ ಇಂಚು ಸುಲಿದು ತಾಮ್ರದ ಬಣ್ಣ ನೋಡಿ. ಕೆಂಪಗೆ ಹೊಳೆದರೆ ಆ ಕಪ್ಲರ್ ಮಾತ್ರ ಬದಲಾಯಿಸಿದರೆ ಸಾಕು. ಕಪ್ಪಗಿದ್ದರೆ ನೀರು ಎಳೆಗಳ ನಡುವೆ ಒಳಕ್ಕೆ ಏರಿದೆ, ಇನ್ನೂ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಒಂದು ಗೇಣು ಹೋದಮೇಲೂ ಕಪ್ಪೇ ಇದ್ದರೆ, ಅದೂ ಎರಡು ಮೂರು ಕಡೆ ಹೀಗೇ ಇದ್ದರೆ, ಹೊಸ ಕಿಟ್ ತರಿಸಿ. ಪ್ರವಾಹದಲ್ಲಿ ಮುಳುಗಿದ್ದ ಗಾಡಿಗಳಿಗೆ ಹೆಚ್ಚಾಗಿ ಇದೇ ದಾರಿ. ಹಳೆಯದನ್ನು ತೆಗೆಯುವ ಮುಂಚೆ ಅದು ಎಲ್ಲೆಲ್ಲಿ ಹಾದುಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಕಿಟ್ ಎಸೆಯಬೇಡಿ, ಅದರಲ್ಲಿ ಚೆನ್ನಾಗಿರುವ ಪಿನ್ನು, ಕಪ್ಲರುಗಳು ಮುಂದಿನ ಗಾಡಿಗೆ ಬರುತ್ತವೆ.